ಮೂರನೆಯ ಸುರುಳಿ ಇಲ್ಲ

ಪುಂತಾ ಅರೆನಾಸ್. ಭೂಪಟ ಮುಗಿಯುವ ಕಡೆ ಒಂದು ಊರು.
ಗಾಳಿಯ ದಿನ ಬೀದಿಗೆ ಹಗ್ಗ ಬಿಗಿದು
ಅದನ್ನು ಹಿಡಿದು ನಡೆಯುವ ಜನ.
ಉಣ್ಣೆ ಗೋದಾಮಿನ ಅಟ್ಟದಲ್ಲಿ, ಕುರಿಚರ್ಮದ ಗಂಟಿನೊಳಗೆ
ಸಿಕ್ಕಿದ್ದು ಆರು ಡಬ್ಬಿ. ಇರಬೇಕಾದದ್ದು ಏಳು.
ಹೆಸರಿನ ಫಲಕ ಕರಗಿ ಜಿಗುಟು ಬೆಲ್ಲವಾಗಿತ್ತು,
ಹಾಗಾಗಿ ಈ ಚಿತ್ರಕ್ಕೆ ಹೆಸರಿಲ್ಲ.

ನಾನು ಪಿಯಾನೋದವನು.
ಮದುವೆಗೆ, ಸಾವಿಗೆ, ಶಾಲೆಯ ನಾಟಕಕ್ಕೆ ನುಡಿಸುವವನು.
ಸ್ವರಲಿಪಿ ಎಲ್ಲಿ ಅಂತ ಕೇಳಿದೆ. ಎಲೆಯುತೇರಿಯೊ ನಕ್ಕ:
"ಪರದೆ ಮೇಲಿದೆ, ನೋಡ್ಕೊಂಡು ಬಾರಿಸು."

ನೋಡಿದೆ.
ಎರಡನೆಯ ಸುರುಳಿಯ ಕೊನೆಗೆ ನಾಯಕ
ಬಂಡೆಯ ತುದಿಯಿಂದ ಜಲಸಂಧಿಗೆ ಹಾರುತ್ತಾನೆ.
ನಾಲ್ಕನೆಯದರಲ್ಲಿ ಕುದುರೆಯ ಮೇಲಿದ್ದಾನೆ,
ಹಣೆಗೆ ಪಟ್ಟಿ, ಕಂಕುಳಲ್ಲಿ ಯಾರದೋ ಮಗು.
ನಡುವೆ ಏನಾಯಿತೋ ಕಡಲಿಗೇ ಗೊತ್ತು.
ಸಭೆ ಒಂದು ಮಾತೂ ಕೇಳದೆ ಒಪ್ಪಿಕೊಂಡಿತು,
ಹಡಗಿಳಿದು ಬಂದ ನಮ್ಮ ಅಜ್ಜಂದಿರನ್ನು ಒಪ್ಪಿಕೊಂಡ ಹಾಗೆ.

ರಾತ್ರಿಯನ್ನೆಲ್ಲ ನೀಲಿಯಲ್ಲಿ ಅದ್ದಿದ್ದಾರೆ, ಬೆಂಕಿಯನ್ನು ಕೆಂಪಲ್ಲಿ.
ಹಡಗು ನಿಜವಾದ ಹಡಗು. ಮುಳುಗುವುದೂ ನಿಜ.
ಕುರಿಗಳು ಮಾತ್ರ ಕ್ಯಾಮರಾವನ್ನೇ ದಿಟ್ಟಿಸುತ್ತವೆ.

ಐದನೆಯ ಸುರುಳಿ. ಹಿಮದ ದಂಡೆಯಲ್ಲಿ ಅವಳು.
ತುಟಿ ಅಲುಗುತ್ತದೆ. ಫಲಕ ಹೇಳುತ್ತದೆ:
ನಿನಗಾಗಿ ನೂರು ಚಳಿಗಾಲ ಕಾಯುವೆ.
ನನ್ನ ಎಡಗೈಯಲ್ಲಿ ಗುಡುಗು, ಬಲಗೈಯಲ್ಲಿ ಕಣ್ಣೀರು.
ಸಭೆ ಮೂಗು ಸೀಟುತ್ತಿತ್ತು.
ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ವಿಂಕಾ. ಟೊಪ್ಪಿಗೆ ಹೊಲಿಯುವ ಮುದುಕಿ,
ನಾಲ್ಕು ವರ್ಷಕ್ಕೇ ಕಿವಿ ಹೋದವಳು.
ಆಟ ಬಿಟ್ಟ ಮೇಲೆ ಬಂದು ಪಿಯಾನೋದ ಮರಕ್ಕೆ ಅಂಗೈ ಇಟ್ಟು
ಇನ್ನೂ ಬಿಸಿ ಇದೆಯೇ ಎಂದು ನೋಡುವವಳಂತೆ ನಿಂತಳು.
ಟಿಕೆಟ್ಟಿನ ಬೆನ್ನಿಗೆ ಬರೆದಳು:
"ಅವಳಾಡಿದ್ದು ನಮ್ಮಮ್ಮನ ಕ್ರೊಯೇಷಿಯನ್.
ಅಮ್ಮಾ, ಕಾಲು ಮರಗಟ್ಟಿತು. ಇನ್ನೆಷ್ಟು ಹೊತ್ತು?"

ತುಟಿ ಪಿಟಕ್ಕೆನ್ನದ ಚಿತ್ರ ಅನ್ನುತ್ತಿದ್ದೆವು.
ತುಟಿ ತೊಂಬತ್ತೇಳು ವರ್ಷದಿಂದ ಕೇಳುತ್ತಲೇ ಇತ್ತು.

ಮರುರಾತ್ರಿ ಆ ಸುರುಳಿ ಬಂದಾಗ
ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.
ಎಲೆಯುತೇರಿಯೊ ಕಿಂಡಿಯಿಂದ ಬೈದ.
ಯಂತ್ರದ ಟಕಟಕ. ಹೊರಗೆ ಗಾಳಿ ಹಗ್ಗ ಜಗ್ಗುತ್ತಿತ್ತು.
ತೆಳು ಪಾದರಕ್ಷೆಯಲ್ಲಿ ಒಂದು ಹುಡುಗಿ
ಕ್ಯಾಮರಾದ ಆಚೆ ನಿಂತ ಯಾರನ್ನೋ ನೋಡುತ್ತಿದ್ದಳು.
ಅವರ ಭಾಷೆಯಲ್ಲೂ, ನಮ್ಮದರಲ್ಲೂ,
ಅಮ್ಮನನ್ನು ಕರೆಯಲು ತುಟಿ ಎರಡು ಸಲ ಮುಚ್ಚಬೇಕು.
ಅಷ್ಟು ನನಗೂ ಓದಲು ಬಂತು.