ಕಿಂಡಿ

ಡಿಸೆಂಬರಿನ ಮೊದಲ ವಾರ ಕ್ಯೂರಿಂಗ್ ವರ್ಕ್ಸಿನಿಂದ
ಚೀಲ ತುಂಬಿ ತಂದೆ ಕಾಫಿ ಹೊಟ್ಟು.
ಮೇಸ್ತ್ರಿ ಕೇಳಿದ: "ಒಲೆಗಾ, ಫಿಲೋಮಿನಾ?"
"ಅಲ್ಲ, ಹಾಸಿಗೆಗೆ" ಅಂದೆ. ನಕ್ಕ.

ಮೂರು ಬಾತು: ದಫೇದಾರ, ಬಿಳಿಯವಳು, ಇನ್ನೊಂದಕ್ಕೆ
ಹೆಸರಿಡುವಷ್ಟರಲ್ಲಿ ಚಳಿ ಬಂದೇಬಿಟ್ಟಿತು
ಮುಳ್ಳಯ್ಯನಗಿರಿಯಿಂದಿಳಿದು, ಉಪ್ಪಳ್ಳಿ ದಾಟಿ, ನಮ್ಮ ಹಿತ್ತಲಿಗೆ
ನೆಟ್ಟಗೆ, ವಿಳಾಸ ಕೇಳದೆ.

ಗೋಣಿಚೀಲ, ಹಳೇ ಫ್ಲೆಕ್ಸು, ಅದರಲ್ಲಿ ಯಾರದೋ
ಹುಟ್ಟುಹಬ್ಬದ ಮೀಸೆ ತಲೆಕೆಳಗಾಗಿ;
ಒಂದು ಬಿರುಕೂ ಬಿಡದೆ ಮುಚ್ಚಿದೆ.
ನಲವತ್ತು ವ್ಯಾಟಿನ ಬಲ್ಬು ಇಳಿಬಿಟ್ಟೆ.
ಬಾಣಂತಿ ಕೋಣೆಯ ಹಾಗೆ ಬೆಚ್ಚಗಾಯಿತು ಗೂಡು.

ಬೆಳಿಗ್ಗೆ ನೋಡಿದರೆ ತಗಡೆಲ್ಲ ಬೆವತು
ತೊಟ್ಟಿಕ್ಕುತ್ತಿದೆ ಅವುಗಳದೇ ಉಸಿರು.
ಹೊಟ್ಟು ಒದ್ದೆ. ಬಿಳಿಯವಳ ಮೂಗಲ್ಲಿ ಗೊರಗೊರ.

ಎದುರುಮನೆ ಸಕೀನಮ್ಮ, ಕುರಿ ಸಾಕಿದ ಕೈ,
ಕುಡುಗೋಲು ತಂದು ಸೂರಿನಡಿ, ಆ ಮೀಸೆಯ ನಡುವಿಗೇ,
ಒಂದು ಕಿಂಡಿ ಕೊಯ್ದಳು:
"ಚಳಿ ಕೊಲ್ಲಲ್ಲ ಕಣೇ, ತೇವ ಕೊಲ್ಲುತ್ತೆ.
ಗರಿಯೊಳಗೇ ಅವಕ್ಕೆ ಕಂಬಳಿ ಇದೆ. ಉಸಿರಾಡೋಕೆ ಬಿಡು."

ಆ ರಾತ್ರಿ ಮುಂಗುಸಿ ನುಗ್ಗದಂತೆ ಕಿಂಡಿಗೆ ಜಾಲರಿ ಬಡಿದು,
ಒಣ ಹೊಟ್ಟು ಹರಡಿ, ಬಲ್ಬು ಆರಿಸಿ
ತಗಡಿಗೆ ಕಿವಿಯಿಟ್ಟು ಕೂತೆ.
ಕೊಕ್ಕನ್ನು ಬೆನ್ನೊಳಗೆ ತೂರಿಸಿಕೊಳ್ಳುವ ಸಣ್ಣ ಸದ್ದು,
ಒಂದು, ಎರಡು.
ಮೂರನೆಯದಕ್ಕೆ ಬಹಳ ಹೊತ್ತು ಕಾದೆ.

ಮುಂಜಾನೆ ಬಾಗಿಲು ತೆಗೆದೆ.
ಸ್ವೆಟರು, ಮಫ್ಲರು, ಎರಡು ಜೊತೆ ಕಾಲುಚೀಲದ ನನ್ನನ್ನು
ಬರಿಗಾಲಲ್ಲಿ ದಾಟಿ
ಮೂವರೂ ಮಂಜು ಹೊಗೆಯಾಡುವ ತೊಟ್ಟಿಗೆ
ಬಯ್ಯುತ್ತಾ ಇಳಿದರು.