ಬಾಯಿ ಬಿಡಿಸದೆ

ಬಿಚ್ಚುವ ಹಾಗಿಲ್ಲ, ಅಂದ ದ್ರಾಗೋಮಿರ್.
ಹೊರಗೆ ಸೊನ್ನೆಗಿಂತ ಹದಿನಾರು ಕೆಳಗೆ, ದಾನ್ಯೂಬಿನ ದಡ ಕಲ್ಲಾಗಿದೆ,
ಈ ಕೊಳವೆ ನಿಂತರೆ ಸಾವಿರದಿನ್ನೂರು ಮನೆ ತಣ್ಣಗೆ.
ಅತ್ತ ಮೂರನೆಯ ಬಾಯ್ಲರಿನ ಹೊಟ್ಟೆಗೆ ಇಳಿಯಲು
ಇಬ್ಬರು ವೆಲ್ಡರುಗಳು ಮೊಣಕಾಲಿಗೆ ಚರ್ಮ ಕಟ್ಟಿ ಕೂತಿದ್ದಾರೆ.
ನಡುವೆ ಇರುವುದು ಒಂದೇ ವಾಲ್ವು.
ಮುಚ್ಚಿದೆ ಅನ್ನುತ್ತದೆ ಚಕ್ರ. ಹಿಡಿದಿದೆಯೋ ಇಲ್ಲವೋ
ಬಾಯಿ ಬಿಡಿಸದೆ ತಿಳಿದು ಬಾ, ಇಲಿಂಕಾ.

ಗಲಾತ್ಸಿನ ಆ ನೆಲಮಾಳಿಗೆಯಲ್ಲಿ
ವಾಲ್ವು ಮಲಗಿದ ಕರುವಿನಷ್ಟು ದೊಡ್ಡದು,
ಮೈಮೇಲೆ ಐದು ಪದರ ಬಣ್ಣ, ನಾನು ಹುಟ್ಟುವ ಮೊದಲಿನ ಎರಕ.
ಪಕ್ಕದಲ್ಲಿ, ಎಲ್ಲರೂ ನೆಯಾ ಎನ್ನುವ ಪಂಫಿಲ್,
ನಲವತ್ತು ವರ್ಷ ಬಾಯ್ಲರುಗಳಿಗೆ ಕಿವಿ ಕೊಟ್ಟು
ಕೊಟ್ಟದ್ದನ್ನು ವಾಪಸ್ಸು ಪಡೆಯದವನು,
ಹಳೇ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು
ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಕಬ್ಬಿಣಕ್ಕೊತ್ತಿ
ಕಣ್ಣು ಮುಚ್ಚಿಕೊಂಡಿದ್ದ.
ನನಗೆ ನಗು ಬಂತು. ನುಂಗಿಕೊಂಡೆ.

ನನ್ನದು ಬೇರೆ ಸರಂಜಾಮು:
ಬುತ್ತಿಯ ಡಬ್ಬಿಯಷ್ಟು ಯಂತ್ರ, ಗೇಣುದ್ದದ ಉಕ್ಕಿನ ಕಡ್ಡಿ, ಹೆಡ್‌ಫೋನು.
ನಾಯಿ ಕಿವಿ ನಿಮಿರಿಸುವ, ಬಾವಲಿ ಬೇಟೆಯಾಡುವ ಎತ್ತರದಲ್ಲಿ
ಸೋರುವ ನೀರು ಸಿಳ್ಳೆ ಹಾಕುತ್ತದೆ;
ಯಂತ್ರ ಅದನ್ನು ಕೈಹಿಡಿದು ಇಳಿಸಿ
ಮನುಷ್ಯರ ಓಣಿಗೆ ತಂದು ಬಿಡುತ್ತದೆ.

ಸೀಮೆಸುಣ್ಣದ ನಾಲ್ಕು ಗುರುತು,
ವಾಲ್ವಿಗಿಂತ ಮುಂಚೆ ಎರಡು, ದಾಟಿದ ಮೇಲೆ ಎರಡು.
ಒಂದು: ಇಪ್ಪತ್ತಾರು ಡೆಸಿಬೆಲ್.
ಎರಡು: ಇಪ್ಪತ್ತೇಳು.
ಮೂರಕ್ಕೆ ಕಡ್ಡಿ ತಾಗಿದ್ದೇ ತಡ
ಸೊಯ್ಯೆಂದು ಬಂತು, ಕಾದ ಎಣ್ಣೆಗೆ ಬಿದ್ದ ಈರುಳ್ಳಿಯಂತೆ.
ನಲವತ್ತನಾಲ್ಕು.

ಆಯಿತಲ್ಲ. ಕಳ್ಳ ಸಿಕ್ಕ.
ಹಾಳೆಯಲ್ಲಿ ಸೋರಿಕೆ ಎಂದು ಬರೆಯತೊಡಗಿದೆ,
ಆಗಲೇ ಕಣ್ಣ ಮುಂದೆ ಬಂತು: ಆರನೆಯ ಮಹಡಿಯಲ್ಲಿ ಯಾರೋ
ರೇಡಿಯೇಟರಿನ ಮೇಲೆ ಒಣಹಾಕಿದ ಮಗುವಿನ ಕಾಲುಚೀಲ ಮುಟ್ಟಿ
ಕೈ ಹಿಂತೆಗೆದದ್ದು.

ಪಂಫಿಲ್ ಹಿಡಿಯನ್ನು ಬಾಯಿಂದ ತೆಗೆಯದೆಯೇ ತಲೆಯಾಡಿಸಿದ.
ಇವನಲ್ಲ.
ಬೆರಳು ಇನ್ನೂ ಆಚೆ ತೋರಿತು,
ನಾನು ಬಿಟ್ಟಿದ್ದ ನಾಲ್ಕನೆಯ ಗುರುತಿಗೆ.
ಅಲ್ಲಿಗೆ ಹೋಗಲು ಎಣ್ಣೆ ನಿಂತ ಗುಂಡಿಯ ಮೇಲೆ ತೆವಳಬೇಕು.

ತೆವಳಿದೆ.
ಐವತ್ತಮೂರು.

ವಾಲ್ವಿನಿಂದಲೇ ಹೊರಟ ಸದ್ದಾಗಿದ್ದರೆ
ದೂರ ಹೋದಷ್ಟೂ ಸೊರಗಬೇಕಿತ್ತು.
ಇದು ಕೊಬ್ಬುತ್ತಿದೆ. ಅಂದರೆ ಎದುರಿನಿಂದ ಬರುತ್ತಿದೆ,
ದೊಡ್ಡವನ ಬಾಗಿಲಲ್ಲಿ ನಿಂತು ಕೂಗಿದ್ದು ಬೇರೆ ಯಾರೋ.

ಕಡ್ಡಿ ಊರುತ್ತ ಊರುತ್ತ ಹೋದೆ.
ಹರಿದ ಗಾಜಿನುಣ್ಣೆಯ ಹೊದಿಕೆಯ ಹಿಂದೆ
ದೊಡ್ಡ ವಾಲ್ವನ್ನು ಬಳಸಿ ಬರುವ ಸಣ್ಣ ಕೊಳವೆ,
ಅದಕ್ಕೊಂದು ಮುಷ್ಟಿಗಾತ್ರದ ವಾಲ್ವು,
ನಕ್ಷೆಯಲ್ಲಿಲ್ಲ, ಪಟ್ಟಿಯಲ್ಲಿಲ್ಲ, ತಗಡಿನ ಸಂಖ್ಯೆ ಎಂದೋ ಉದುರಿದೆ.
ಅರವತ್ತೆಂಟು. ಹೆಡ್‌ಫೋನು ಕಿತ್ತೆಸೆದೆ.

ಪಂಫಿಲ್ ಕೈಗವಸು ಬಿಗಿದು ಕಾಲು ಸುತ್ತು ತಿರುಗಿಸಿದ.
ಚೀರಿತು. ಇನ್ನೊಂದಿಷ್ಟು.
ಇಪ್ಪತ್ತು ನಿಮಿಷ ಕಾಯಬೇಕು;
ಹದಿನೈದಕ್ಕೇ ಎದ್ದ ನನ್ನನ್ನು ತೋಳು ಹಿಡಿದು ಕೂರಿಸಿದ.
ಮತ್ತೆ ಮೊದಲಿನಿಂದ: ಇಪ್ಪತ್ತಾರು, ಇಪ್ಪತ್ತೇಳು,
ಇಪ್ಪತ್ತೆರಡು, ಹದಿನೆಂಟು.

ಐದು ಪದರ ಬಣ್ಣದ ಮುದುಕ ಒಂದು ಹನಿಯನ್ನೂ ಬಿಟ್ಟಿರಲಿಲ್ಲ.
ಅವನ ಹೆಸರಿನ ಮುಂದೆ ನಾನು ಬರೆದಿದ್ದ ಅರ್ಧ ಪದ
ಹಾಳೆಯಲ್ಲಿ ಈಗಲೂ ಇದೆ. ಗೀಟು ಹೊಡೆದಿದ್ದೇನೆ, ಅಳಿಸಿಲ್ಲ.

ವೆಲ್ಡರುಗಳು ಒಳಗಿಳಿದ ಮೇಲೆ
ಪಂಫಿಲನ ತಲೆಗೆ ಹೆಡ್‌ಫೋನು ತೊಡಿಸಿದೆ, ಸದ್ದು ಪೂರ್ತಿ ಏರಿಸಿ.
ಕಡ್ಡಿಯನ್ನು ಮೂರನೆಯ ಗುರುತಿಗೆ ತಾನೇ ಒತ್ತಿದ.
ತುಂಬ ಹೊತ್ತು ಕೇಳಿದ.
ಏನೂ ಕೇಳಿಸುತ್ತಿಲ್ಲ, ಎಂದು ಕಿರುಚಿದ, ಕಿವುಡರು ಕಿರುಚುವ ಹಾಗೆ.
ಅವನ ಅಂಗೈ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:
ಸರಿಯಾಗಿಯೇ ಕೇಳಿಸುತ್ತಿದೆ.

ಆಮೇಲೆ ಅವನ ಸ್ಕ್ರೂಡ್ರೈವರು ನನ್ನ ಸರದಿ.
ಕಚ್ಚಿ ನೋಡಿದೆ. ನನಗೇನೂ ತಿಳಿಯಲಿಲ್ಲ,
ಮರದಲ್ಲಿ ಅವನ ಹಲ್ಲು ತೋಡಿದ ಗುಳಿಗಳು,
ತಂಬಾಕಿನ ಒಗರು.