ಹದಿನೇಳನೆಯ ಪದರ

ರಾತ್ರಿ ಪಾಳಿ ಹನ್ನೊಂದಕ್ಕೆ ಶುರು.
ಮೂರು ಪಂಪುಗಳಲ್ಲಿ ಎರಡು ಗುರುಗುಡುತ್ತವೆ,
ಮೂರನೆಯದು ಮಲಗಿದೆ, ಅದರ ಬೇರಿಂಗಿಗೆ ವಯಸ್ಸಾಯಿತು.
ನನ್ನ ಕೆಲಸ, ಮೀಟರಿನ ಮುಳ್ಳು ಕೆಂಪು ಮುಟ್ಟದಂತೆ ಕಾಯುವುದು,
ಫ್ರೀಸ್‌ಲ್ಯಾಂಡಿನ ಈ ತಗ್ಗು ಹೊಲಗಳು
ಬೆಳಗಿನ ತನಕ ಹೊಲಗಳಾಗಿಯೇ ಇರುವಂತೆ.

ಮುಳ್ಳು ಮುಟ್ಟುವುದಿಲ್ಲ.
ಹಾಗಾಗಿ ಲ್ಯಾಪ್‌ಟಾಪ್ ತೆರೆದು ಬೆಟ್ಟ ಮಾಡುತ್ತೇನೆ.

ಐವತ್ತೆರಡು ವರ್ಷದಲ್ಲಿ ನಾನು ಹತ್ತಿದ ಅತಿ ಎತ್ತರ
ಕಡಲಿಗೆ ಅಡ್ಡ ಹಾಕಿದ ಏರಿ.
ಅದಕ್ಕೂ ಮೆಟ್ಟಿಲಿದೆ. ಕುರಿಗಳು ನನಗಿಂತ ಬೇಗ ಹತ್ತುತ್ತವೆ.

ಮೊದಲು ಇಡೀ ಪರದೆಗೆ ಒಂದೇ ನೀಲಿ ಸುರಿದೆ.
ಆಮೇಲೆ ನೆಲದ ಅಂಚು. ಕೈ ನಡುಗಿದಷ್ಟೂ ಒಳ್ಳೆಯದು,
ತಂತ್ರಾಂಶ ಅದನ್ನು ಇನ್ನಷ್ಟು ಹರಿದು, ಕಚ್ಚಿ,
ಅಲ್ಲೊಂದು ಇಲ್ಲೊಂದು ದ್ವೀಪ ಉದುರಿಸಿ
ಸಾವಿರ ವರ್ಷದ ಅಲೆಯ ಕೆಲಸವನ್ನು
ನಾಲ್ಕು ಸೆಕೆಂಡಿನಲ್ಲಿ ಮುಗಿಸಿ ಕೊಡುತ್ತದೆ.
ನಮ್ಮ ದಡವೋ ಸ್ಕೇಲು ಹಿಡಿದು ಗೀಚಿದ್ದು:
ಅಜ್ಜ ಎಳೆದ ಗೆರೆ, ಅವನಪ್ಪ ಎಳೆದ ಗೆರೆ,
ಮೀನಿಗೂ ಮೂಲೆ ತಿರುಗಬೇಕಾದ ಕಾಲುವೆ.

ಬೆಟ್ಟದ ಮೊಹರು ಹನ್ನೆರಡು ಬಗೆ. ಒತ್ತಿದಲ್ಲೆಲ್ಲ ಏಳುತ್ತವೆ.
ನೆರಳು ಮಾತ್ರ ಎಲ್ಲಕ್ಕೂ ಒಂದೇ ಕಡೆ ಬೀಳಬೇಕು.
ಎಡಮೂಲೆಯಲ್ಲಿ ಸೂರ್ಯನಿಗೆ ಮೊಳೆ ಹೊಡೆದಿದ್ದೇನೆ,
ನನ್ನ ನಾಡಿನಲ್ಲಿ ಸಂಜೆಯಾಗುವುದಿಲ್ಲ.

ದೂರದ ಬೆಟ್ಟ ನುಣ್ಣಗಂತೆ.
ಹತ್ತಿರ ಹೋಗಿ ನೋಡಿದ್ದೇನೆ, ಎಂಟು ಪಟ್ಟು ಹಿಗ್ಗಿಸಿ:
ಬೂದು ಚೌಕ, ಕಂದು ಚೌಕ, ಮತ್ತೆ ಬೂದು,
ಬಚ್ಚಲಮನೆಯ ಟೈಲ್ಸ್.

ಹೆಸರಿಡುವುದು ಕಷ್ಟ. ಎರಡು ಗಂಟೆಗೆ ಇಟ್ಟದ್ದು
ನಾಲ್ಕು ಗಂಟೆಗೆ ಹಲ್ಲುನೋವಿನ ಮಾತ್ರೆಯ ಹೆಸರಿನಂತೆ ಕೇಳಿಸುತ್ತದೆ.
ಔರ್ವಾಸ್ ಅಳಿಸಿದೆ. ತೆಲ್ಮೇರ ಅಳಿಸಿದೆ.
ಒಂದು ಕಣಿವೆಗೆ ಸತ್ತ ನಾಯಿಯ ಹೆಸರಿಟ್ಟೆ, ಬಾವ್ಕೆ,
ಅದೊಂದೇ ನಿಂತಿತು.

ಆರಕ್ಕೆ ಪಾಳಿ ಬದಲಿಸಲು ಹಿಲ್ತ್ಯೆ ಬಂದಳು,
ಬೂಟಿನಲ್ಲಿ ಕೆಸರು, ಕೈಯಲ್ಲಿ ಕಾಫಿ.
ಪಂಪುಗಳಿಗಿಂತ ಮೊದಲು ಪರದೆ ನೋಡಿದಳು.
“ಈ ನದಿ,” ಅಂದಳು, ಒದ್ದೆ ಬೆರಳು ಗಾಜಿಗೆ ತಾಗಿ ಕಲೆಯಾಯಿತು,
“ಆ ಬೆಟ್ಟದಿಂದ ಇಳಿದದ್ದು ಸರಿ.
ನಡುವೆ ಈ ಸಾಲನ್ನು ಹತ್ತಿ ದಾಟಿದ್ದು ಹೇಗೆ?”

ನೋಡಿದೆ. ಹೌದಲ್ಲ.
ಎತ್ತರದ ಪದರವನ್ನು ಮರೆಮಾಡಿಟ್ಟು ನದಿ ಎಳೆದಿದ್ದೆ,
ಕಣ್ಣಿಗೆ ಚಂದ ಕಂಡಲ್ಲಿ ತಿರುಗಿಸಿದ್ದೆ.
“ನೀರು ತಗ್ಗಿಗೆ ತಾನೇ ಹರಿಯೋದು, ವೀಬ್ರನ್?”

ಹಾಗಂದವಳೇ ಸುಮ್ಮನಾದಳು. ನಾನೂ.
ಕಿಟಕಿಯಾಚೆ ಬೆಳಕು ಮೆಲ್ಲಗೆ ಬರುತ್ತಿತ್ತು.
ಹಸುಗಳು ಕೆಳಗೆ, ಬಾತುಕೋಳಿಗಳು ಮೇಲೆ,
ಕಾಲುವೆ ಹೊಲಕ್ಕಿಂತ ಒಂದಾಳು ಎತ್ತರದಲ್ಲಿ.
ನಮ್ಮ ಕಾಲಡಿಯಲ್ಲಿ ಎರಡು ಪಂಪು
ನೀರನ್ನು ಎತ್ತಿ, ಎತ್ತಿ, ಮೇಲಕ್ಕೆ ಚೆಲ್ಲುತ್ತಲೇ ಇದ್ದವು.

ಅವಳೇ ಮೊದಲು ನಕ್ಕದ್ದು. ಕಾಫಿ ಚೆಲ್ಲಿತು.

ನದಿಯನ್ನು ಅಳಿಸಲಿಲ್ಲ.
ಮನೆಗೆ ಹೊರಡದೆ ಇನ್ನೊಂದು ಪದರ ತೆರೆದೆ, ಹದಿನೇಳನೆಯದು.
ಗಾಳಿಗಿರಣಿಯ ಮೊಹರು ಸಿದ್ಧವಿತ್ತು, ಹಾಕಲಿಲ್ಲ,
ಪ್ರವಾಸಿಗಳು ಕೊಳ್ಳುವ ಟವೆಲಿನ ಚಿತ್ರದಂತಿತ್ತು.
ಚುಕ್ಕಿ ಚುಕ್ಕಿ ಇಟ್ಟು ನಾನೇ ಕಟ್ಟಿದೆ
ಬೆಟ್ಟದ ಬುಡದಲ್ಲಿ ಒಂದು ಇಟ್ಟಿಗೆ ಕೊಠಡಿ,
ಒಳಗೆ ಮೂರು ಪಂಪು, ಮೂರೂ ಸರಿಯಿರುವವು.
ಅಲ್ಲೂ ಯಾರಿಗಾದರೂ ರಾತ್ರಿ ಪಾಳಿ ಬೇಕಲ್ಲ.
ಸಂಜೆಯಾಗದ ಆ ನಾಡಿನಲ್ಲಿ
ನಿಯಮ ಮುರಿದು ಒಂದು ಕಿಟಕಿಗೆ ಹಳದಿ ತುಂಬಿದೆ.
ಅವನ ಹೆಸರು ಇನ್ನೂ ಹೊಳೆದಿಲ್ಲ.

“ದಾಖಲೆ ಬರೆದೆಯಾ?” ಒಳಗಿನಿಂದ ಹಿಲ್ತ್ಯೆ ಕೂಗಿದಳು.
ಪುಸ್ತಕ ಎಳೆದುಕೊಂಡು ಬರೆದೆ:
ಮಟ್ಟ ಸರಿಯಿದೆ.
ಮೂರನೆಯ ಪಂಪಿನ ಬೇರಿಂಗ್ ಇನ್ನೂ ಬಂದಿಲ್ಲ.